ಮನೆಯ ಮರಕ್ಕೆ ಕುಟ್ಟೆ: ಹುಳದ ಹಂತ ನೋಡಿ ಮದ್ದು ಮಾಡುವ ಕ್ರಮ

ಮಂಚದ ಕಾಲಿನ ಬುಡದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ ಕಂಡರೆ ಸಾಕು, ಹೆಚ್ಚಿನ ಮನೆಗಳಲ್ಲಿ ಸೀಮೆಎಣ್ಣೆ ಬಾಟಲಿ ಹೊರಗೆ ಬರುತ್ತದೆ. ಪುಡಿ ಉದುರಿದ ತೂತಿಗೆ ನಾಲ್ಕು ಹನಿ ಬಿಟ್ಟು, ಮೇಲೆ ಮೇಣ ತುಂಬಿ, ಕೆಲಸ ಆಯಿತೆಂದು ಸುಮ್ಮನಾಗುತ್ತಾರೆ. ಆರು ತಿಂಗಳಿಗೆ ಪಕ್ಕದಲ್ಲೇ ಇನ್ನೂ ಹತ್ತು ತೂತು. ಮದ್ದು ಸರಿಯಿಲ್ಲ ಎಂದು ದೂರುವ ಮೊದಲು ಒಂದು ವಿಷಯ ಗೊತ್ತಿರಬೇಕು. ಆ ತೂತು ಕುಟ್ಟೆ, ಅಂದರೆ ಮರ ಕೊರೆಯುವ ಹುಳ, ಹೊರಬಿದ್ದ ದಾರಿ. ಅದು ಕಾಣುವ ಹೊತ್ತಿಗೆ ಅಲ್ಲಿದ್ದ ಹುಳ ದುಂಬಿಯಾಗಿ ಹಾರಿ ಹೋಗಿ ಆಗಿರುತ್ತದೆ. ಉಳಿದ ಮರಿಹುಳಗಳು ತೂತೇ ಇಲ್ಲದ ಕಡೆ, ನುಣ್ಣನೆಯ ಪಾಲಿಶ್‌ನ ಕೆಳಗೆ ತಿನ್ನುತ್ತಿರುತ್ತವೆ. ಹಾಗಾಗಿ ಯಾವ ಹುಳ, ಅದು ಯಾವ ಹಂತದಲ್ಲಿದೆ, ಮರದ ಯಾವ ಭಾಗದಲ್ಲಿದೆ ಎಂಬ ಮೂರನ್ನೂ ಗೊತ್ತು ಮಾಡಿಕೊಂಡು ಕೈ ಹಾಕಬೇಕು.

ಪುಡಿ ನೋಡಿ ಹುಳ ಗುರುತಿಸುವುದು

ತೂತಿನ ಕೆಳಗೆ ಕಪ್ಪು ಕಾಗದ ಹಿಡಿದು ಮರವನ್ನು ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ. ಬಿದ್ದ ಪುಡಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉಜ್ಜಿ ನೋಡಿ. ಆಮೇಲೆ ಸ್ಕೇಲಿಟ್ಟು ತೂತಿನ ಅಗಲ ಅಳೆಯಿರಿ.

ಮೈದಾದಷ್ಟು ನುಣ್ಣನೆಯ ಪುಡಿ, 1ರಿಂದ 2 ಮಿ.ಮೀ. ಅಗಲದ ದುಂಡನೆ ತೂತು: ಇದು ಲಿಕ್ಟಸ್ ಜಾತಿಯ ಕುಟ್ಟೆ. ನಮ್ಮ ಮನೆಗಳ ಮಂಚ, ಸೋಫಾ, ಪ್ಲೈವುಡ್, ಬೀಡಿಂಗ್ ಪಟ್ಟಿಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ದುಂಬಿ 3ರಿಂದ 7 ಮಿ.ಮೀ. ಉದ್ದ, ಕೆಂಗಂದು ಬಣ್ಣ, ಚಪ್ಪಟೆ ಮೈ.

ತೂತು 2.5 ಮಿ.ಮೀ.ಗಿಂತ ದೊಡ್ಡದು, ಒಳಗಿನ ಸುರಂಗದಲ್ಲಿ ಪುಡಿ ಗಟ್ಟಿಯಾಗಿ ತುಂಬಿಕೊಂಡಿದೆ ಎಂದರೆ ಬೋಸ್ಟ್ರಿಕಿಡ್ ಗುಂಪಿನದು. ಈ ಗುಂಪಿನ ದುಂಬಿಯನ್ನು ಮೇಲಿನಿಂದ ನೋಡಿದರೆ ತಲೆ ಕಾಣುವುದಿಲ್ಲ, ಕತ್ತಿನ ಗುರಾಣಿಯ ಕೆಳಗೆ ಬಾಗಿರುತ್ತದೆ. ಇದರಲ್ಲಿ ಸೈನಾಕ್ಸಿಲಾನ್ ಎಂಬ ಬಗೆಗೆ ಹಿಂಭಾಗದ ಇಳಿಜಾರಿನಲ್ಲಿ ಎರಡು ಮುಳ್ಳು. ಹೆಟೆರೊಬಾಸ್ಟ್ರಿಕಸ್ ಇನ್ನೂ ದೊಡ್ಡದು, 13 ಮಿ.ಮೀ.ವರೆಗೂ ಬೆಳೆಯುತ್ತದೆ. ಬಿದಿರಿಗೆ ಬೀಳುವ ಡೈನೊಡೆರಸ್ ಮಾತ್ರ ತೀರಾ ಚಿಕ್ಕದು, 3 ಮಿ.ಮೀ. ಆಸುಪಾಸು.

ಐದಾರು ಮಿ.ಮೀ.ಗೂ ದೊಡ್ಡದಾದ, ಮೊಟ್ಟೆಯಾಕಾರದ ತೂತು ತೊಲೆಯಲ್ಲೋ ಬಾಗಿಲ ಚೌಕಟ್ಟಿನಲ್ಲೋ ಕಂಡರೆ ಉದ್ದ ಮೀಸೆಯ ದುಂಬಿಯನ್ನು ಸಂಶಯಿಸಿ. ಒಣಮರಕ್ಕೆ ಬೀಳುವ ನಮ್ಮ ದೇಶದ ಜಾತಿ ಸ್ಟ್ರೊಮೇಷಿಯಂ ಬಾರ್ಬಾಟಂ. ರಾತ್ರಿ ಮನೆ ನಿಶ್ಶಬ್ದವಾದಾಗ ಮರದೊಳಗಿಂದ ಕರಕರ ಸದ್ದು ಕೇಳಿಸುವುದು ಈ ಹುಳದಿಂದ.

ಪುಡಿ ಬೆರಳಿಗೆ ಹರಳಿನಂತೆ ಒರಟಾಗಿ ತಾಗಿದರೆ ಭೂತಗನ್ನಡಿ ಹಿಡಿಯಿರಿ. ಎರಡೂ ತುದಿ ಚೂಪಾದ ಸಣ್ಣ ಕಾಳು ಕಂಡರೆ ಅದು ಅನೋಬಿಡ್ ಗುಂಪಿನದು. ಯುರೋಪಿನ ಹಳೆ ಪೀಠೋಪಕರಣಗಳನ್ನು ತಿನ್ನುವ ಅನೋಬಿಯಂ ಪಂಕ್ಟಾಟಂ ಈ ಗುಂಪಿಗೆ ಸೇರಿದ್ದು. ಲಂಡನ್ನಿನಲ್ಲೋ ಡಬ್ಲಿನ್ನಿನಲ್ಲೋ ಹಳೆ ಮನೆ ಕೊಂಡ ಕನ್ನಡಿಗರಿಗೆ ಎದುರಾಗುವುದು ಹೆಚ್ಚಾಗಿ ಇದೇ. ಅದರ ಮರಿಹುಳ ಮರದೊಳಗೆ ಮೂರು, ನಾಲ್ಕು ವರ್ಷ ಕಳೆಯುತ್ತದೆ.

ಎರಡು ಜೀವಿಗಳನ್ನು ಕುಟ್ಟೆ ಎಂದು ತಪ್ಪು ತಿಳಿಯುವುದುಂಟು. ಆರು ಮುಖದ, ಸುಮಾರು 1 ಮಿ.ಮೀ. ಉದ್ದದ, ಒಂದೇ ಅಳತೆಯ ಕಾಳುಗಳು ರಾಶಿ ಬಿದ್ದಿದ್ದರೆ ಅದು ಒಣಮರದ ಗೆದ್ದಲು. ಕರಾವಳಿಯಲ್ಲಿ ಇದರ ಕಾಟ ಇದೆ. ಇನ್ನು ಕಿರುಬೆರಳು ತೂರುವಷ್ಟು ದೊಡ್ಡ, ಅಚ್ಚುಕಟ್ಟಾದ ದುಂಡು ತೂತು ಕೊರೆಯುವುದು ಗುಂಯ್‌ಗುಡುವ ಕರಿದುಂಬಿ. ಅದು ಜೇನಿನ ನಂಟ. ಮರವನ್ನು ತಿನ್ನುವುದಿಲ್ಲ, ಗೂಡಿಗಾಗಿ ಕೊರೆಯುತ್ತದೆ.

ಕಾಫಿ ಸೀಮೆಯವರ ಸಂಶಯವೊಂದಿದೆ. ಕಾಫಿ ಗಿಡದ ಬಿಳಿ ಕಾಂಡಕೊರಕ ಮನೆಯ ಮರಕ್ಕೂ ಬರುತ್ತದೆಯೇ? ಬರುವುದಿಲ್ಲ. ಅದು ಮೊಟ್ಟೆ ಇಡುವುದು ಬೆಳೆದು ನಿಂತ ಗಿಡದ ತೊಗಟೆಯ ಮೇಲೆ. ಕಾಫಿ ಬೊಡ್ಡೆಯಿಂದ ಮಾಡಿದ ಟೀಪಾಯಿಯ ಕಾಲಿನಲ್ಲಿ ಹಳೆಯ ಸುರಂಗಗಳಿದ್ದರೆ ಅವುಗಳಿಂದ ಭಯವಿಲ್ಲ. ಆದರೆ ಆಗಷ್ಟೇ ಕಿತ್ತ ರೋಗದ ಗಿಡವನ್ನು ಸೌದೆಗೆಂದು ಪೇರಿಸಿಟ್ಟರೆ ಅದರಿಂದ ದುಂಬಿ ಹೊರಟು ತೋಟಕ್ಕೇ ಮರಳುತ್ತದೆ. ಅದಕ್ಕೇ ಅಂಥ ಕಾಂಡಗಳನ್ನು ಕೂಡಲೇ ಸುಡಬೇಕು, ಇಲ್ಲವೇ ವಾರ, ಹತ್ತು ದಿನ ನೀರಿನಲ್ಲಿ ಮುಳುಗಿಸಿಡಬೇಕು.

ಮೊಟ್ಟೆಯಿಂದ ದುಂಬಿಯವರೆಗೆ

ಲಿಕ್ಟಸ್‌ನ ಬದುಕನ್ನು ಕೊಂಚ ವಿವರವಾಗಿಯೇ ನೋಡಬೇಕು, ಮದ್ದಿನ ಲೆಕ್ಕವೆಲ್ಲ ಅದರಲ್ಲೇ ಇದೆ.

ಹೆಣ್ಣು ದುಂಬಿ ಕತ್ತಲಾದ ಮೇಲೆ ಓಡಾಡುತ್ತದೆ. ಮೊಟ್ಟೆ ಇಡುವ ಮೊದಲು ಮರದ ಮೈಯನ್ನು ಅಲ್ಲಲ್ಲಿ ಕಚ್ಚಿ ರುಚಿ ನೋಡುತ್ತದೆ. ಅದು ಹುಡುಕುವುದು ಪಿಷ್ಟವನ್ನು. ಲಿಕ್ಟಸ್ ಮರಿಗೆ ಮರದ ನಾರು ಜೀರ್ಣವಾಗುವುದಿಲ್ಲ. ಮರದಲ್ಲಿರುವ ಪಿಷ್ಟ, ಸಕ್ಕರೆ, ಒಂದಿಷ್ಟು ಪ್ರೋಟೀನು ಇವೇ ಅದರ ಆಹಾರ. ನಾರು ಹಾಗೇ ನುಚ್ಚಾಗಿ ಹೊಟ್ಟೆಯಿಂದ ಹೊರಬರುತ್ತದೆ, ನಾವು ಗುಡಿಸುವ ಪುಡಿ ಅದೇ. ಪಿಷ್ಟ ಇರುವುದು ಮರದ ಹೊರಸುತ್ತಿನ ಬಿಳಿ ಭಾಗದಲ್ಲಿ. ಒಳಗಿನ ಚೇಗಿನಲ್ಲಿ, ಅಂದರೆ ನಡುವಿನ ಗಾಢ ಬಣ್ಣದ ಗಟ್ಟಿ ಭಾಗದಲ್ಲಿ, ಪಿಷ್ಟ ಇರುವುದಿಲ್ಲ. ಬೀಟೆ, ಹೊನ್ನೆ, ತೇಗದಂಥ ಮರಗಳಲ್ಲಿ ಕೂಡ ಬಿಳಿ ಭಾಗ ಉಳಿದಿದ್ದರೆ ಅಲ್ಲಿಗೆ ಕುಟ್ಟೆ ಬೀಳುತ್ತದೆ, ಚೇಗು ಸಿಕ್ಕಿದ ಗೆರೆಯಲ್ಲೇ ನಿಲ್ಲುತ್ತದೆ. ತೇಗದ ಬಾಗಿಲಿಗೆ ಕುಟ್ಟೆ ಬಿತ್ತು, ಮರವೇ ನಕಲಿ ಎಂದು ಬಡಗಿಯ ಮೇಲೆ ಹಾಯುವವರು ತೂತುಗಳ ಸಾಲನ್ನು ಒಮ್ಮೆ ನೋಡಬೇಕು. ಒಂದೇ ಅಂಚಿನಲ್ಲಿ ಪಟ್ಟಿಯಾಗಿದ್ದರೆ ಮರ ಅಸಲಿಯೇ, ಬಿಳಿಯನ್ನು ಕೆತ್ತಿ ತೆಗೆದಿಲ್ಲ ಅಷ್ಟೆ.

ಎರಡನೆಯದು ಜಾಗದ ಪ್ರಶ್ನೆ. ಮೊಟ್ಟೆ ಸುಮಾರು 1 ಮಿ.ಮೀ. ಉದ್ದದ ಬಿಳಿ ಕಡ್ಡಿಯಂತಿರುತ್ತದೆ. ಅದನ್ನು ಹೆಣ್ಣು ಮರದ ಮೈಮೇಲೆ ಇಡದೆ, ನೀರು ಸಾಗುವ ಸೂಕ್ಷ್ಮ ಕೊಳವೆಗಳ ತೆರೆದ ಬಾಯಿಯೊಳಗೆ ತೂರಿಸುತ್ತದೆ. ಪೈನ್, ದೇವದಾರಿನಂಥ ಮರಗಳಲ್ಲಿ ಇಂಥ ಕೊಳವೆಯೇ ಇಲ್ಲ, ಹಾಗಾಗಿ ಪೈನ್ ಹಲಗೆಗೆ ಲಿಕ್ಟಸ್ ಬೀಳುವುದಿಲ್ಲ. ರಬ್ಬರ್, ಮಾವು, ಸಿಲ್ವರ್ ಓಕ್, ಹಲಸಿನ ಬಿಳಿ, ಬಿದಿರು ಇವುಗಳಲ್ಲಿ ಕೊಳವೆಯೂ ಅಗಲ, ಪಿಷ್ಟವೂ ಯಥೇಚ್ಛ. ಕೊಳವೆಯ ಬಾಯಿಯನ್ನು ಪೇಂಟ್, ವಾರ್ನಿಶ್, ಅರಗಿನಿಂದ ಮುಚ್ಚಿದರೆ ಹೆಣ್ಣಿಗೆ ಮೊಟ್ಟೆ ಇಡಲು ದಾರಿಯಿಲ್ಲ. ಹಾಗಾದರೆ ಪಾಲಿಶ್ ಮಾಡಿದ ಮಂಚಕ್ಕೆ ಹೇಗೆ ಬಿತ್ತು? ಎರಡು ದಾರಿ. ಒಂದು, ಹಲಗೆ ಸಾಮಿಲ್ಲಿನಲ್ಲೋ ಬಡಗಿಯ ಕೊಟ್ಟಿಗೆಯಲ್ಲೋ ಬೆತ್ತಲೆ ಬಿದ್ದಿದ್ದಾಗಲೇ ಮೊಟ್ಟೆ ಒಳಗೆ ಹೋಗಿರುತ್ತದೆ. ಎರಡು, ಮಂಚದ ಅಡಿಭಾಗ, ಬೀರುವಿನ ಬೆನ್ನು, ಡ್ರಾಯರಿನ ಒಳಬದಿ ಇವಕ್ಕೆ ಯಾರೂ ಪಾಲಿಶ್ ಹಾಕಿರುವುದಿಲ್ಲ.

ಒಂದೆರಡು ವಾರದಲ್ಲಿ ಮೊಟ್ಟೆ ಒಡೆಯುತ್ತದೆ. ಮರಿಹುಳ ಬಿಳಿ ಬಣ್ಣದ್ದು, ಮೈ ಬಿಲ್ಲಿನಂತೆ ಬಾಗಿರುತ್ತದೆ, ಪೂರ್ತಿ ಬೆಳೆದಾಗ 5-6 ಮಿ.ಮೀ. ಮೊದಮೊದಲು ನಾರಿನ ಉದ್ದಕ್ಕೇ ಸಾಗಿ, ಬೆಳೆದಂತೆ ಅಡ್ಡಡ್ಡ ಕೊರೆಯುತ್ತದೆ. ಬಿಳಿ ಭಾಗ ಪೂರಾ ಹಿಟ್ಟಾದರೂ ಮೇಲಿನ ಕಾಗದದಷ್ಟು ತೆಳು ಪದರ ಹಾಗೇ ನಿಂತಿರುವುದು ಇದರಿಂದ. ಬೆರಳಿಟ್ಟು ಒತ್ತಿದಾಗ ಕುಸಿದ ಮೇಲೆಯೇ ಒಳಗಿನ ಗತಿ ತಿಳಿಯುವುದು. ಹುಳದ ಬದುಕಿನ ಬಹುಪಾಲು ಈ ಹಂತದಲ್ಲೇ ಕಳೆಯುತ್ತದೆ. ನಮ್ಮ ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ದುಂಬಿಯವರೆಗೆ ಮೂರ್ನಾಲ್ಕು ತಿಂಗಳಿನಿಂದ ಒಂದು ವರ್ಷ ಸಾಕು. ಪಿಷ್ಟ ಕಡಿಮೆ ಇದ್ದರೆ, ಚಳಿ ಇದ್ದರೆ, ಮರ ತೀರಾ ಒಣಗಿದ್ದರೆ ಇನ್ನೂ ಎಳೆಯುತ್ತದೆ.

ಬೆಳೆದ ಮರಿ ಮರದ ಮೇಲ್ಮೈಗೆ ಹತ್ತಿರ ಬಂದು, ಅಲ್ಲಿ ಸಣ್ಣ ಗೂಡು ಕೊರೆದು ಕೋಶವಾಗುತ್ತದೆ. ಕೆಲವು ವಾರ ಕಳೆದು ದುಂಬಿ ನೇರ ಹೊರಗೆ ತೂತು ಹಾಕುತ್ತದೆ. ದಾರಿಯಲ್ಲಿ ಸನ್‌ಮೈಕಾ ಇರಲಿ, ವಿನೀರ್ ಇರಲಿ, ರೆಕ್ಸಿನ್ ಇರಲಿ, ತೂತು ಬೀಳುತ್ತದೆ. ಹೊರಬಂದ ದುಂಬಿಗೆ ಆಯಸ್ಸು ಕೆಲವೇ ವಾರ. ಗಂಡು ಹೆಣ್ಣು ಕೂಡಿ, ಪಕ್ಕದಲ್ಲೇ ಬೆತ್ತಲೆ ಬಿಳಿ ಮರ ಸಿಕ್ಕರೆ ಅಲ್ಲೇ ಮತ್ತೆ ಮೊಟ್ಟೆ. ಬಹಳ ಸಲ ಹೆಣ್ಣು ತಾನು ಬಂದ ಹಳೆ ತೂತಿನೊಳಗೇ ಹಿಂದಿರುಗಿ ಮೊಟ್ಟೆ ಇಡುತ್ತದೆ. ಹೊರಗೆ ಎಷ್ಟು ಪಾಲಿಶ್ ಇದ್ದರೂ ತೂತಿನ ಒಳಗೋಡೆ ಬೆತ್ತಲೆಯೇ ತಾನೆ.

ಬೋಸ್ಟ್ರಿಕಿಡ್‌ಗಳ ರೀತಿ ಬೇರೆ. ಅಲ್ಲಿ ದುಂಬಿಯೇ ಮರವನ್ನು ಕೊರೆದು ಒಳನುಗ್ಗಿ, ಸುರಂಗದೊಳಗೆ ಮೊಟ್ಟೆ ಇಡುತ್ತದೆ. ಹೊಸದಾಗಿ ಕಡಿದ, ಇನ್ನೂ ಪೂರ್ತಿ ಒಣಗದ ಮರವೆಂದರೆ ಅದಕ್ಕೆ ಅಚ್ಚುಮೆಚ್ಚು. ಉದ್ದ ಮೀಸೆಯ ಸ್ಟ್ರೊಮೇಷಿಯಂ ಬಿರುಕುಗಳಲ್ಲಿ, ಒರಟು ಮೈಯಲ್ಲಿ ಮೊಟ್ಟೆ ಇಡುತ್ತದೆ. ಅದರ ಮರಿ ಎರಡು ಮೂರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ತಿನ್ನುತ್ತಾ ಕೂತಿರುತ್ತದೆ. ಮನೆ ಕಟ್ಟಿ ನಾಲ್ಕು ವರ್ಷವಾದ ಮೇಲೆ ಬಾಗಿಲಿನಿಂದ ದೊಡ್ಡ ದುಂಬಿ ಹೊರಬೀಳುವುದು ಹೀಗೆ.

ಹುಳ ಈಗಲೂ ಇದೆಯೇ, ಹೋಗಿ ಆಯಿತೇ?

ಹಳೆಯ ತೂತನ್ನು ಕಂಡು ಮದ್ದಿಗೆ ದುಡ್ಡು ಸುರಿಯುವವರೂ ಇದ್ದಾರೆ. ಒಂದು ತಲೆಮಾರು ತಿಂದು, ಪಿಷ್ಟ ಮುಗಿದು, ಕುಟ್ಟೆ ತಾನಾಗಿಯೇ ನಿಂತಿರುವುದು ಅಪರೂಪವಲ್ಲ. ಪರೀಕ್ಷೆ ಸುಲಭ.

1. ಇರುವ ಪುಡಿಯನ್ನೆಲ್ಲ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಿರಿ. ಬರಿ ಗುಡಿಸಿದರೆ ಸುರಂಗದೊಳಗಿನ ಹಳೆ ಪುಡಿ ಓಡಾಟದ ಅದುರಿಗೆ ತಿಂಗಳುಗಟ್ಟಲೆ ಉದುರುತ್ತಲೇ ಇರುತ್ತದೆ, ನೀವು ಮೋಸ ಹೋಗುತ್ತೀರಿ.
2. ಇರುವ ಪ್ರತಿ ತೂತಿಗೂ ಪೆನ್ಸಿಲ್‌ನಿಂದ ಸುತ್ತು ಹಾಕಿ.
3. ತೂತು ಹೆಚ್ಚಿರುವ ಒಂದು ಗೇಣು ಜಾಗಕ್ಕೆ ತೆಳು ಟಿಶ್ಯೂ ಕಾಗದವನ್ನು ಮೈದಾ ಅಂಟಿನಿಂದ ಅಂಟಿಸಿ, ಮೇಲೆ ತಾರೀಕು ಬರೆಯಿರಿ. ಒಳಗಿನಿಂದ ಬರುವ ದುಂಬಿ ಕಾಗದವನ್ನೂ ತೂತು ಮಾಡುತ್ತದೆ.
4. ಬೇಸಿಗೆಯ ಕೊನೆಯಿಂದ ಮುಂಗಾರಿನ ಮೊದಲ ತಿಂಗಳುಗಳವರೆಗೆ ನಿಗಾ ಇಡಿ. ದುಂಬಿಗಳು ಹೆಚ್ಚಾಗಿ ಹೊರಬೀಳುವುದು ಆಗ.

ಹೊಸ ತೂತಿನ ಅಂಚು ಚೂಪಾಗಿ, ಒಳಗಿನ ಮರ ತಿಳಿ ಬಣ್ಣದಲ್ಲಿರುತ್ತದೆ. ಹಳೆಯದರ ಬಾಯಿ ಮಾಸಿ, ಪುಡಿ ಹಳದಿಗಟ್ಟಿ ಗಂಟಾಗಿರುತ್ತದೆ. ಒಂದು ವರ್ಷ ಪೂರ್ತಿ ಕಾಗದ ಹರಿಯದಿದ್ದರೆ ಲಿಕ್ಟಸ್‌ನ ಮಟ್ಟಿಗೆ ಮದ್ದು ಬೇಡ. ಉದ್ದ ಮೀಸೆಯದಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಇನ್ನೊಂದು ಸೂಚನೆ ವಿಚಿತ್ರವಾದದ್ದು. ಕುಟ್ಟೆ ಬಿದ್ದ ಮಂಚದಲ್ಲಿ ಮಲಗಿದವರಿಗೆ ಮೈಮೇಲೆ ತುರಿಸುವ ಕೆಂಪು ಗಂಧೆಗಳೇಳುತ್ತವೆ, ತಿಗಣೆ ಹುಡುಕಿದರೆ ಸಿಗುವುದಿಲ್ಲ. ಮರಿಹುಳಗಳ ಮೇಲೆ ಬದುಕುವ, ಇರುವೆಯಂತೆ ಕಾಣುವ ರೆಕ್ಕೆಯಿಲ್ಲದ ಪುಟ್ಟ ಕಣಜಗಳು ಹೀಗೆ ಕುಟುಕುತ್ತವೆ. ಅವು ಕಂಡರೆ ಒಳಗೆ ಜೀವಂತ ಹುಳ ಇದೆ ಎಂದೇ ಅರ್ಥ.

ತೊಲೆ, ಪಕಾಸಿಗಳಾದರೆ ಮೊದಲು ಬಲ ನೋಡಿ

ಭಾರ ಹೊತ್ತ ಮರಕ್ಕೆ ಮದ್ದಿಗಿಂತ ಮೊದಲು ಉಳಿ ಬೇಕು. ತೊಲೆಯ ನಾಲ್ಕೂ ಮೂಲೆಗಳನ್ನು ಪ್ರತಿ ಒಂದಡಿಗೊಮ್ಮೆ ಸ್ಕ್ರೂಡ್ರೈವರಿನಿಂದ ಚುಚ್ಚಿ, ಮೆತ್ತಗಿರುವ ಕಡೆ ಗಟ್ಟಿ ಮರ ಸಿಗುವವರೆಗೆ ಬಾಚಿಯಿಂದ ಕೆತ್ತಿ ತೆಗೆಯಿರಿ. ಗೋಡೆಯೊಳಗೆ ಕೂತ ತುದಿಗಳನ್ನು ಬಿಡಬೇಡಿ. ತೇವ ಅಲ್ಲೇ ಹೆಚ್ಚು. ಉಳಿದ ಗಟ್ಟಿ ಮರದ ಅಳತೆ ತೆಗೆದುಕೊಳ್ಳಿ. ತೊಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 150 ಮಿ.ಮೀ. ಎತ್ತರ, 100 ಮಿ.ಮೀ. ಅಗಲದ ತೊಲೆಯ ನಾಲ್ಕೂ ಬದಿ 10 ಮಿ.ಮೀ. ಹೋದರೆ ಉಳಿಯುವುದು 130ಕ್ಕೆ 80. ನೋಡಲು ಸ್ವಲ್ಪವೇ ಹೋದಂತಿದ್ದರೂ ಬಾಗುವಿಕೆಯನ್ನು ತಡೆಯುವ ಶಕ್ತಿ ಸುಮಾರು 60%ಕ್ಕೆ ಇಳಿದಿರುತ್ತದೆ. ಇಂಥಲ್ಲಿ ಎಂಜಿನಿಯರಿಗೆ ತೋರಿಸಿ, ಅಲ್ಲಿಯವರೆಗೆ ಕೆಳಗೊಂದು ಕಂಬ ಕೊಡಿ. ಹಂಚಿನ ಮಾಡಿನ ರೀಪುಗಳಿಗೆ ಈ ಲೆಕ್ಕವೆಲ್ಲ ಬೇಡ. ಕುಟ್ಟೆ ಬಿದ್ದ ರೀಪು ಬದಲಾಯಿಸುವುದೇ ಅಗ್ಗ.

ಬೋರಿಕ್ ಮದ್ದು

ಮನೆಯೊಳಗಿನ, ಮಳೆ ಬೀಳದ, ಪೇಂಟ್ ಅಥವಾ ಪಾಲಿಶ್ ಇಲ್ಲದ ಮರಕ್ಕೆ ಬೋರಿಕ್ ಆಮ್ಲ ಮತ್ತು ಬೋರಾಕ್ಸ್, ಅಂದರೆ ಬಿಳಿಗಾರ, ಬೆರೆಸಿದ ದ್ರಾವಣ ಒಳ್ಳೆಯದು. ವಾಸನೆಯಿಲ್ಲ, ಬಣ್ಣ ಬದಲಾಗುವುದಿಲ್ಲ, ಆರಿದ ಮೇಲೆ ವರ್ಷಾನುಗಟ್ಟಲೆ ಮರದಲ್ಲಿ ಉಳಿಯುತ್ತದೆ. ನೀರು ತಾಗಿದರೆ ತೊಳೆದು ಹೋಗುತ್ತದೆ, ಹಾಗಾಗಿ ಹೊರಬಾಗಿಲು, ಗೇಟು, ತೋಟದ ಬೆಂಚಿಗೆ ಇದು ಆಗದು.

ಹಸಿ ಮರವನ್ನೋ ಬಿದಿರನ್ನೋ ಅದ್ದಿಡಲು 10 ಲೀಟರ್ ನೀರಿಗೆ 200 ಗ್ರಾಂ ಬೋರಿಕ್ ಆಮ್ಲ, 300 ಗ್ರಾಂ ಬೋರಾಕ್ಸ್. ಒಣಮರಕ್ಕೆ ಬ್ರಷ್‌ನಿಂದ ಹಚ್ಚುವುದಾದರೆ ಎರಡನ್ನೂ ಇಮ್ಮಡಿ ಮಾಡಿ: 400 ಗ್ರಾಂ, 600 ಗ್ರಾಂ. ಒಣಮರ ಕುಡಿಯುವುದೇ ಕಡಿಮೆ, ಅದಕ್ಕೆ ಈ ಗಡಸು. ನೀರು ಕೈ ತಾಳುವಷ್ಟಕ್ಕಿಂತ ಹೆಚ್ಚು ಬಿಸಿಯಿರಲಿ. ಮೊದಲು ಬೋರಾಕ್ಸ್ ಕರಗಿಸಿ, ಆಮೇಲೆ ಬೋರಿಕ್. ಎರಡೂ ಕೂಡಿದಾಗ ಒಂದೊಂದೇ ಕರಗುವುದಕ್ಕಿಂತ ಹೆಚ್ಚು ಕರಗುತ್ತವೆ. ತಣ್ಣಗಾಗಿ ತಳದಲ್ಲಿ ಹರಳು ಕಟ್ಟಿದರೆ ಮತ್ತೆ ಬಿಸಿ ಮಾಡಿ. ಹರಳು ಬಿಟ್ಟು ಮೇಲಿನ ನೀರು ಹಚ್ಚಿದರೆ ಮದ್ದು ಬಕೆಟ್ಟಿನಲ್ಲೇ ಉಳಿಯಿತು.

ಹಚ್ಚುವ ಕ್ರಮ: ಪುಡಿ ಎಳೆದು ತೆಗೆಯಿರಿ. ಪಾಲಿಶ್ ಇದ್ದರೆ 80 ನಂಬರಿನ ಉಜ್ಜುಕಾಗದದಿಂದ ಮರದ ಮೈ ಕಾಣುವವರೆಗೆ ಉಜ್ಜಿ. ಅಗಲ ಬ್ರಷ್‌ನಿಂದ ಧಾರಾಳವಾಗಿ ಹಚ್ಚಿ, ಹಸಿ ಇರುವಾಗಲೇ ಅರ್ಧ ಗಂಟೆಯ ಅಂತರದಲ್ಲಿ ಎರಡನೆಯ ಸಲ ಹಚ್ಚಿ. ಹಲಗೆಯ ಕತ್ತರಿಸಿದ ತುದಿ, ಕೀಲು ಕೂಡುವ ಜಾಗಗಳಿಗೆ ಮೂರನೆಯ ಸಲವೂ ಬೇಕು. ಕೊಳವೆಯ ಬಾಯಿ ತೆರೆದಿರುವುದು ಅಲ್ಲೇ. ಸಾಧ್ಯವಾದರೆ ಒಂದೆರಡು ದಿನ ಪ್ಲಾಸ್ಟಿಕ್ ಹೊದಿಸಿಡಿ. ಮೈ ಹಸಿಯಾಗಿದ್ದಷ್ಟು ಹೊತ್ತೂ ಮದ್ದು ಒಳಗಿಳಿಯುತ್ತದೆ. ವಾರ ಆರಿಸಿ ಪಾಲಿಶ್ ಹಾಕಿ.

ಇಷ್ಟು ಮಾಡಿದರೂ ಒಣಗಿದ ಗಟ್ಟಿ ಮರದಲ್ಲಿ ದ್ರಾವಣ ಕೆಲವೇ ಮಿಲಿಮೀಟರ್ ಇಳಿಯುತ್ತದೆ. ಅದಕ್ಕಿಂತ ಆಳದಲ್ಲಿರುವ ಮರಿಗಳು ತಿಂದು ಬೆಳೆದು, ಮುಂದಿನ ಹಂಗಾಮಿಗೆ ಹೊರಬೀಳುತ್ತವೆ. ಅಂದರೆ ಮದ್ದು ಹಾಕಿದ ವರ್ಷವೂ ಹೊಸ ತೂತು ಕಾಣಬಹುದು. ಮದ್ದು ಕೆಲಸ ಮಾಡುವುದು ನಂತರದ ಹಂತದಲ್ಲಿ: ಹೊಸ ಮೊಟ್ಟೆಯೊಡೆದ ಮರಿ ವಿಷ ಸೇರಿದ ಪದರವನ್ನು ತಿಂದು ಸಾಯುತ್ತದೆ. ಎರಡನೆಯ ವರ್ಷ ತೂತು ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಬೆತ್ತಲೆ ಮೈ ಮದ್ದಿಲ್ಲದೆ ಉಳಿದಿದೆ, ಸಾಮಾನ್ಯವಾಗಿ ಗೋಡೆಗೆ ತಾಗಿದ ಬೆನ್ನು.

ಪಾಲಿಶ್ ಕೆಡಿಸಲಾಗದ ಕಡೆ: ಸಿರಿಂಜು

ಹಳೆಯ ಕೆತ್ತನೆ ಬಾಗಿಲನ್ನು ಉಜ್ಜಲು ಮನಸ್ಸು ಬಾರದು. ಅಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ, ಮರಕ್ಕೆಂದೇ ತಯಾರಾದ ತೆಳು ಎಣ್ಣೆಯ ಮದ್ದು ತಂದು ತೂತುಗಳಿಗೆ ಏರಿಸಿ. 10 ಮಿ.ಲೀ. ಸಿರಿಂಜು, ಸೂಜಿಯ ತುದಿ ಮೊಂಡಾಗಿರಲಿ. ಪ್ರತಿ 5ರಿಂದ 7 ಸೆಂ.ಮೀ.ಗೊಂದು ತೂತು ಆರಿಸಿ, ಹಿಡಿಸಿದಷ್ಟು ನಿಧಾನವಾಗಿ ತಳ್ಳಿ. ಒಳಗೆ ಸುರಂಗಗಳು ಒಂದಕ್ಕೊಂದು ಕೂಡಿರುತ್ತವೆ. ಇಲ್ಲಿ ತಳ್ಳಿದ ಮದ್ದು ಅರ್ಧ ಅಡಿ ಆಚೆಯ ತೂತಿನಿಂದ ಚಿಮ್ಮಿ ನೇರ ಕಣ್ಣಿಗೆ ಬಡಿಯುತ್ತದೆ, ಕನ್ನಡಕ ಹಾಕದೆ ಈ ಕೆಲಸಕ್ಕೆ ಕೂರಬೇಡಿ. ರಬ್ಬರ್ ಕೈಗವಸು ಬೇಕು, ಕಿಟಕಿ ತೆರೆದಿರಬೇಕು, ಒಲೆ ಆರಿರಬೇಕು. ಪಾಲಿಶ್ ಇಲ್ಲದ ಹಿಂಬದಿಗೆ ಅದೇ ಮದ್ದನ್ನು ಬ್ರಷ್‌ನಿಂದ ಎರಡು ಸಲ. 1 ಲೀಟರ್ ಸುಮಾರು 4-5 ಚದರ ಮೀಟರಿಗೆ ಬರುತ್ತದೆ, ಒರಟು ಮರಕ್ಕೆ ಕಡಿಮೆ. ಪರ್ಮೆಥ್ರಿನ್ ಬೆಕ್ಕಿಗೂ ಮೀನಿಗೂ ವಿಷ. ಅಕ್ವೇರಿಯಂ ಇದ್ದರೆ ಬೇರೆ ಕೋಣೆಗೆ ಒಯ್ಯಿರಿ, ಪೂರ್ತಿ ಆರುವವರೆಗೆ ಬೆಕ್ಕನ್ನು ಒಳಗೆ ಬಿಡಬೇಡಿ. ತೂತುಗಳಿಗೆ ಮೇಣ ತುಂಬುವುದು ಕೂಡಲೇ ಬೇಡ. ಒಂದು ಹಂಗಾಮು ತೆರೆದಿಟ್ಟು, ಹೊಸದು ಬಾರದಿದ್ದರೆ ಆಮೇಲೆ ತುಂಬಿ.

ಸೀಮೆಎಣ್ಣೆ, ಪೆಟ್ರೋಲು ತಾಗಿದ ಹುಳ ಸಾಯುತ್ತದೆ ನಿಜ. ಆದರೆ ಅವು ಆವಿಯಾಗಿ ಹೋದ ಮೇಲೆ ಮರದಲ್ಲಿ ಏನೂ ಉಳಿಯುವುದಿಲ್ಲ, ಬೆಂಕಿಯ ಅಪಾಯ ಬೇರೆ. ಬೇವಿನೆಣ್ಣೆಯ ಬಲವೂ ಅಷ್ಟಕ್ಕಷ್ಟೆ. ಕರಾವಳಿಯಲ್ಲಿ ಪಕಾಸಿಗಳಿಗೆ ಬಳಿಯುವ ಗೇರೆಣ್ಣೆ ಇವಕ್ಕಿಂತ ಮೇಲು, ಮೈಯನ್ನು ಗಟ್ಟಿ ಪದರವಾಗಿ ಮುಚ್ಚುತ್ತದೆ. ಅದು ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ, ಮರ ಕಪ್ಪಾಗುತ್ತದೆ. ಅಟ್ಟದ ಮರಕ್ಕೆ ಸರಿ, ಮಂಚಕ್ಕೆ ಬೇಡ.

ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಬೀರುವಿನೊಳಗೆ ಇಟ್ಟರೆ ಆಯಿತು ಎಂಬ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಮುಚ್ಚಿದ ಮನೆಯಲ್ಲಿ ಮಲಗಿದವರನ್ನು ಕೊಲ್ಲುತ್ತದೆ. ಭಾರತದಲ್ಲಿ ಅದರ ಬಳಕೆ ಪರವಾನಗಿಯುಳ್ಳ, ತರಬೇತಿ ಪಡೆದವರಿಗೆ ಮಾತ್ರ. ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿದರೂ ಯಾವ ಹುಳ, ಯಾವ ಮದ್ದು, ಪಾಲಿಶ್ ಕೆರೆಯುತ್ತೀರಾ ಎಂಬ ಮೂರು ಪ್ರಶ್ನೆ ಕೇಳಿ. ನೆಲಕ್ಕೆ ತೂತು ಹಾಕಿ ಮದ್ದು ಇಳಿಸುವ ಪದ್ಧತಿ ಮಣ್ಣಿನಿಂದ ಏರುವ ಗೆದ್ದಲಿಗೆ. ಕುಟ್ಟೆಗೂ ನೆಲಕ್ಕೂ ಸಂಬಂಧವೇ ಇಲ್ಲ.

ಮದ್ದು ತಾಗಬಾರದ ವಸ್ತುಗಳು

ಲಟ್ಟಣಿಗೆ, ಚಪಾತಿ ಮಣೆ, ಮಕ್ಕಳ ಆಟಿಕೆಗಳಿಗೆ ವಿಷ ಹಚ್ಚುವಂತಿಲ್ಲ. ಇವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಾಳಿ ತೆಗೆದು, ಬಾಯಿ ಬಿಗಿದು ಫ್ರೀಜರಿನಲ್ಲಿ -18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲವನ್ನು ಒಂದು ದಿನ ಬಿಚ್ಚಬೇಡಿ. ತಣ್ಣನೆಯ ಮರದ ಮೇಲೆ ನೀರು ಹನಿಗಟ್ಟಿ ಬಿರುಕು ಬಿಡುವುದು ಆಗಲೇ. ಮದ್ದಿಲ್ಲದ ಈ ಉಪಾಯ ಇರುವ ಹುಳವನ್ನು ಕೊಲ್ಲುತ್ತದೆ, ಮುಂದೆ ಬೀಳದಂತೆ ಕಾಯುವುದಿಲ್ಲ.

ಶಾಖವೂ ಕೊಲ್ಲುತ್ತದೆ. ರಫ್ತಿನ ಮರದ ಪೆಟ್ಟಿಗೆಗಳಿಗೆ ಇರುವ ಅಂತರರಾಷ್ಟ್ರೀಯ ನಿಯಮದಂತೆ ಮರದ ನಡುಭಾಗ 56 ಡಿಗ್ರಿ ತಲುಪಿ 30 ನಿಮಿಷ ಇರಬೇಕು. ಗಮನಿಸಿ, ಹೊರಮೈಯಲ್ಲ, ನಡುಭಾಗ. ಅಂಗಳದ ಬಿಸಿಲಿಗೆ ದಪ್ಪ ಮರದ ನಡು ಅಷ್ಟು ಕಾಯುವುದಿಲ್ಲ, ಹುಳ ತಂಪಾದ ಬದಿಗೆ ಸರಿದು ಬದುಕಿಕೊಳ್ಳುತ್ತದೆ. ಚನ್ನಪಟ್ಟಣದ ಗೊಂಬೆಗೆ ಶಾಖ ಬೇಡವೇ ಬೇಡ, ಅರಗು ಮೆದುವಾಗಿ ಬಣ್ಣ ಅಂಟುತ್ತದೆ. ಹಲಸಿನ ವೀಣೆಗೂ ಹಾಗೆಯೇ: ಅದರ ಸ್ವರದ ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ವೀಣೆಗೆ ಫ್ರೀಜರೂ ಬೇಡ, ಸಿರಿಂಜೂ ಬೇಡ, ವಾದ್ಯ ಮಾಡುವವರ ಕೈಗೇ ಕೊಡಿ.

ಬಿದಿರು

ಬಿದಿರಿನಲ್ಲಿ ಚೇಗು ಎಂಬುದಿಲ್ಲ, ಒಳಗೋಡೆಯೆಲ್ಲ ಪಿಷ್ಟ. ಮದ್ದಿಲ್ಲದ ಬಿದಿರು ಒಂದೆರಡು ಮಳೆಗಾಲದಲ್ಲಿ ಹಿಟ್ಟಾಗುವುದು ಅದರಿಂದಲೇ. ಮೂರು ವರ್ಷ ದಾಟಿದ ಗಳುಗಳನ್ನು ಮಳೆಗಾಲ ಕಳೆದ ಮೇಲೆ ಕಡಿಯುವುದು ವಾಡಿಕೆ. ಹಿಂದಿನವರು ಕಡಿದ ಗಳುವನ್ನು ಕೆರೆಯಲ್ಲೋ ಹೊಂಡದಲ್ಲೋ ವಾರಗಟ್ಟಲೆ ಮುಳುಗಿಸಿಡುತ್ತಿದ್ದುದಕ್ಕೆ ಕಾರಣ ಇದೆ: ಪಿಷ್ಟ, ಸಕ್ಕರೆ ನೀರಿಗೆ ಬಿಟ್ಟುಕೊಳ್ಳುತ್ತವೆ. ಇನ್ನೂ ಭದ್ರವಾಗಬೇಕಾದರೆ ಕಡಿದ ಕೆಲವೇ ದಿನಗಳೊಳಗೆ, ಹಸಿ ಇರುವಾಗಲೇ, 10-12 ಮಿ.ಮೀ. ಕಬ್ಬಿಣದ ಸರಳಿನಿಂದ ಒಳಗಿನ ಗಂಟಿನ ಪರದೆಗಳನ್ನೆಲ್ಲ ಒಡೆದು, ಮೇಲೆ ಹೇಳಿದ, ಅದ್ದಿಡುವ ಅಳತೆಯ (5%) ಬೋರಿಕ್ ದ್ರಾವಣದಲ್ಲಿ ಐದರಿಂದ ಏಳು ದಿನ ಮುಳುಗಿಸಿಡಿ. ಪರದೆ ಒಡೆಯದಿದ್ದರೆ ಒಳಗೆ ಗಾಳಿ ನಿಂತು ಗಳು ತೇಲುತ್ತದೆ, ಮದ್ದು ಒಳಗೋಡೆಗೆ ತಾಗುವುದೇ ಇಲ್ಲ. ಹೊರಗಿನ ನುಣುಪು ಸಿಪ್ಪೆಯಂತೂ ಏನನ್ನೂ ಕುಡಿಯದು. ಆಮೇಲೆ ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ, ಬಿಸಿಲಿಗಿಟ್ಟರೆ ಸೀಳುತ್ತದೆ.

ಹೊಸ ಮರ ತರುವಾಗ

ಕುಟ್ಟೆಗೆ ಅತಿ ಅಗ್ಗದ ಮದ್ದು ಸಾಮಿಲ್ಲಿನಲ್ಲೇ ಇದೆ. ಹಲಗೆಯ ಕತ್ತರಿಸಿದ ತುದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಚೇಗು ಗಾಢವಾಗಿ, ಬಿಳಿ ಭಾಗ ತಿಳಿಯಾಗಿ ಬೇರೆಯಾಗಿ ಕಾಣುತ್ತದೆ. ಚಿಕ್ಕ ವಯಸ್ಸಿಗೆ ಕಡಿದ ತೋಟದ ತೇಗದಲ್ಲಿ ಬಿಳಿಯ ಪಾಲು ಹೆಚ್ಚು, ದರ ಮಾತಾಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ರಬ್ಬರ್, ಮಾವುಗಳಲ್ಲಿ ಬಣ್ಣದಿಂದ ಗುರುತು ಸಿಗುವುದು ಕಷ್ಟ. ಅಲ್ಲಿ ಹೊಸದಾಗಿ ಹೆರೆದ ಜಾಗಕ್ಕೆ ಒಂದು ಹನಿ ಟಿಂಕ್ಚರ್ ಅಯೋಡಿನ್ ಹಾಕಿ. ಕೆಲವು ನಿಮಿಷದಲ್ಲಿ ಕಡುನೀಲಿಗೆ ತಿರುಗಿದರೆ ಪಿಷ್ಟ ಇದೆ, ಮದ್ದಿಲ್ಲದೆ ಬಳಸುವಂತಿಲ್ಲ. ರಬ್ಬರ್ ಮರಕ್ಕೆ ಕಾರ್ಖಾನೆಯಲ್ಲಿ ಒತ್ತಡ ಕೊಟ್ಟು ಬೋರಿಕ್ ಏರಿಸಿ ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿರುತ್ತಾರೆ. ಹಾಗೆ ಮಾಡಿದ್ದೇ ಎಂದು ಬಿಲ್ಲಿನಲ್ಲಿ ಬರೆಸಿ. ಪ್ಲೈವುಡ್ಡಿನಲ್ಲಿ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿನ ಮರೈನ್ ದರ್ಜೆಗೆ ಮದ್ದಿನ ಸಂಸ್ಕಾರ ಕಡ್ಡಾಯ. ಮರದ ಜಾತಿಯ ಬಗ್ಗೆ ಜಗಳ ಬಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ.

ಬಡಗಿಯ ಜೊತೆ ಮಾತಾಡಿಕೊಳ್ಳಬೇಕಾದ್ದು ಒಂದೇ: ಪಾಲಿಶ್‌ಗೆ ಮೊದಲು ನಮಗೆ ತೋರಿಸಿ. ಬಣ್ಣ ಕೂಡಿಸಿದ ಪಾಲಿಶ್ ಬಿದ್ದ ಮೇಲೆ ಬಿಳಿಯೂ ಚೇಗೂ ಒಂದೇ ಬಣ್ಣ. ಅಡಿಭಾಗ, ಬೆನ್ನು, ಡ್ರಾಯರಿನ ಒಳಗೆ, ಕಾಲಿನ ಕೆಳತುದಿ ಎಲ್ಲಕ್ಕೂ ಬೋರಿಕ್ ಒಂದು ಸಲ, ಆರಿದ ಮೇಲೆ ಸೀಲರ್ ಒಂದು ಕೋಟು ಹಾಕಿಸಿ. ಸೋಫಾ ಮಾಡಿಸುವಾಗ ಬಟ್ಟೆ ಹೊದಿಸುವ ಮೊದಲು ಚೌಕಟ್ಟು ನೋಡಿ. ಬೇರೆಲ್ಲೂ ಹಾಕಲಾಗದ ಜಂಗಲ್ ವುಡ್ ತುಂಡುಗಳು ಸೇರುವ ಜಾಗ ಅದು, ರೆಕ್ಸಿನ್ ಬಿಗಿದ ಮೇಲೆ ಒಳಗಿನ ಮರಕ್ಕೆ ಯಾವ ಮದ್ದೂ ತಲುಪುವುದಿಲ್ಲ.

ತೆಗೆದು ಹಾಕಿದ ಕುಟ್ಟೆ ಮರವನ್ನು ಅಟ್ಟದ ಮೇಲೋ ಸೌದೆ ಕೊಟ್ಟಿಗೆಯಲ್ಲೋ ಮುಂದಿನ ಚಳಿಗಾಲಕ್ಕೆಂದು ಇಡಬೇಡಿ. ಅದೇ ವಾರ ಬಚ್ಚಲ ಒಲೆಗೆ ಹಾಕಿ. ಪೇಂಟ್ ಅಥವಾ ಮದ್ದು ಹಚ್ಚಿದ ತುಂಡುಗಳನ್ನು ಮಾತ್ರ ಒಲೆಗೆ ಹಾಕದೆ ಬೇರೆ ಇಡಿ, ಅವುಗಳ ಹೊಗೆ ಮನೆಯೊಳಗೆ ಬರಬಾರದು.